ಹೊಳೆಯಾಚೆಯ ಮುಯ್ಯಿ

ನಾನು ಬದುಕಿನಲ್ಲಿ ಒಂದೇ ಒಂದು ಸಲ ಪರಿಹಾರದ ಹಣ ಎತ್ತಲು ಜೋಳಿಗೆ ಹಿಡಿದಿದ್ದೇನೆ. ಆಮೇಲೆ ಯಾರು ಬಂದು ಕೇಳಿದರೂ ಕೈಲಾದದ್ದನ್ನು ಕೊಟ್ಟು ಕಳಿಸಿದ್ದೇನೆ. ಆದರೆ 'ನೀವೂ ನಮ್ಮ ಜೊತೆ ನಾಲ್ಕು ಮನೆ ತಿರುಗಿ ಸರ್' ಎಂದವರಿಗೆ ಮೊಣಕಾಲು ನೋವೆಂದು ಹೇಳಿ ಬಾಗಿಲು ಹಾಕಿಕೊಂಡಿದ್ದೇನೆ. ಮೊಣಕಾಲು ನೆಟ್ಟಗಿದ್ದ ವಯಸ್ಸಿನಲ್ಲೂ ಹಾಗೆಯೇ ಹೇಳುತ್ತಿದ್ದೆ. ಜನ ನನ್ನನ್ನು ಸೋಮಾರಿ ಎಂದುಕೊಂಡರು. ಅನ್ನಲಿ, ಅದಕ್ಕೇನು.

ನಿಜಾಮರ ಆಳ್ವಿಕೆ ಹೋಗಿ ಎರಡು ಮೂರು ವರ್ಷವಾಗಿತ್ತು. ಉರ್ದು ಶಾಲೆಗಳೆಲ್ಲ ಒಂದೊಂದಾಗಿ ಕನ್ನಡ ಶಾಲೆಗಳಾಗುತ್ತಿದ್ದವು, ಕನ್ನಡ ಕಲಿಸುವವರು ಮಾತ್ರ ಸಿಗುತ್ತಿರಲಿಲ್ಲ. ನಾನು ಯಾದಗಿರಿಯವನು. ಶಾಲೆಯಲ್ಲಿ ಕಲಿತದ್ದೆಲ್ಲ ಉರ್ದು. ಕನ್ನಡ ಓದು ಬರಹ ಕಲಿತದ್ದು ಮನೆಯಲ್ಲಿ, ಅಜ್ಜನ ಬೈಗುಳದ ನಡುವೆ. ಅಷ್ಟಿದ್ದರೆ ಸಾಕು ಎಂದು ನನ್ನನ್ನು ಮಾಸ್ತರನನ್ನಾಗಿ ಮಾಡಿ, ಕೆಂಭಾವಿಯಿಂದ ಎರಡು ಹರದಾರಿ ಒಳಗಿದ್ದ ಒಂದು ಊರಿಗೆ ಹಾಕಿದರು. ಶಹಾಪುರದ ತನಕ ಬಸ್ಸು, ಅಲ್ಲಿಂದ ಕೆಂಭಾವಿಗೆ ಸಿಕ್ಕ ಗಾಡಿ, ಮುಂದೆ ಕಾಲ್ನಡಿಗೆ. ನನಗಾಗ ಇಪ್ಪತ್ತೆರಡು ವರ್ಷ. ತಲೆ ತುಂಬ ಎಣ್ಣೆ, ಬಾಯಿ ತುಂಬ ಉಪದೇಶ.

ನಾನು ಹೋದ ವರ್ಷವೇ ಮಳೆಗಾಲದಲ್ಲಿ ಕೃಷ್ಣೆ ಏರಿ, ತಿಂಥಣಿಯ ಎದುರು ದಡದ ಒಂದು ಊರು ಅರ್ಧಕ್ಕರ್ಧ ಕೊಚ್ಚಿಹೋಯಿತು. ಜನ ಉಳಿದರು, ಮನೆ ಉಳಿಯಲಿಲ್ಲ. ಎಲ್ಲ ಊರುಗಳೂ ಹಣ ಎತ್ತಿ ಸುರಪುರದ ಕಚೇರಿಗೆ ಮುಟ್ಟಿಸಬೇಕೆಂದು ಹುಕುಂ ಬಂತು. ಜೋಳ, ಬಟ್ಟೆ ಬೇಡ, ರೊಕ್ಕ ಮಾತ್ರ. ಹುಕುಂ ಉರ್ದುವಿನಲ್ಲಿತ್ತು. ನಮ್ಮೂರ ಗೌಡರು ಅದನ್ನು ಹಿಂದೆ ಮುಂದೆ ತಿರುವಿ ನೋಡಿ ನನ್ನ ಕೈಗಿಟ್ಟರು. ನಾನು ಜಾಣತನ ತೋರಿಸಲು ಗಡಗಡ ಓದಿ ಅರ್ಥ ಹೇಳಿದೆ.

"ಭೇಷ್. ಓದಿದವರು ನೀವು, ಸರ್ಕಾರದ ಪಗಾರ ತಿನ್ನೋರೂ ನೀವು. ನೀವೇ ಎತ್ತಿರಿ ಮಾಸ್ತರ," ಎಂದರು ಗೌಡರು.

ಎತ್ತಿದೆ. ಅಂದರೆ, ಜೋಳಿಗೆ ಎತ್ತಿದೆ, ಅದರೊಳಗೆ ಹೆಚ್ಚೇನೂ ಬೀಳಲಿಲ್ಲ. ಮೂರು ದಿನ ಶಾಲೆ ಬಿಟ್ಟ ಮೇಲೆ ಮನೆಮನೆಯ ಮುಂದೆ ನಿಂತು ಮಾನವೀಯತೆಯ ಮೇಲೆ ಭಾಷಣ ಮಾಡಿದೆ. ಜನ ನನ್ನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಭಾಷಣ ಪೂರ್ತಿ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಯಾರಿಗ್ರಿ ಇದು?"

"ಹೊಳೆಗೆ ಮನೆ ಕಳಕೊಂಡವರಿಗೆ."

"ಅದು ಖರೆ. ಅವರು ಯಾರಂತ?"

"ನನಗೇನು ಗೊತ್ತು? ಯಾರೋ ಒಬ್ಬರು. ಮನುಷ್ಯರು."

"ಹೌದ್ರಿ. ಪಾಪ," ಎನ್ನುತ್ತಿದ್ದರು. ಇನ್ನೊಂದು ತಂಬಿಗೆ ಮಜ್ಜಿಗೆ ಬರುತ್ತಿತ್ತು. ರೊಕ್ಕ ಬರುತ್ತಿರಲಿಲ್ಲ.

ಊರಿನ ಅಂಗಡಿ ಸಾವುಕಾರ ಮಾತ್ರ ಮಜ್ಜಿಗೆಯನ್ನೂ ಕೊಡಲಿಲ್ಲ. ತಕ್ಕಡಿಯ ಹಿಂದೆ ಕೂತಲ್ಲಿಂದಲೇ, "ಹೊಳಿಗಿ ರೊಕ್ಕ ಹಾಕೋದಂದ್ರ ಹೊಳಿಯಾಗ ಹುಣಸಿಹಣ್ಣ ತೊಳದಂಗ್ರಿ. ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ," ಎಂದ. ಒಂದೇ ಉಸಿರಿಗೆ ಎರಡು ಗಾದೆ ಹೇಳಿದ, ಒಂದಾಣೆಯನ್ನೂ ಬಿಚ್ಚಲಿಲ್ಲ. ಮೂರನೆಯ ಸಂಜೆ ಜೋಳಿಗೆ ಕೊಡವಿದರೆ ಹತ್ತಾಣೆ ಇತ್ತು. ಅದರಲ್ಲಿ ಒಂದು ಸವೆದು ನುಣ್ಣಗಾಗಿ, ಯಾವ ರಾಜ್ಯದ್ದೆಂದು ಹೇಳಲಾಗದ ನಾಣ್ಯ. ನನಗೆ ಎಂಥ ಸಿಟ್ಟು ಬಂತೆಂದರೆ ಮರುದಿನ ಮಕ್ಕಳಿಗೆ ಹದಿನೇಳರ ಮಗ್ಗಿ ಎರಡೆರಡು ಸಲ ಬರೆಸಿದೆ. ಇವರದು ಕಲ್ಲೆದೆ, ಕಟುಕರ ಊರು ಇದು, ಎಂದು ನನ್ನ ಕೋಣೆಯಲ್ಲಿ ಕೂತು ಗಟ್ಟಿಯಾಗಿ ಹೇಳಿಕೊಂಡೆ.

ಗೋಡೆಯ ಆ ಕಡೆಯಿಂದ, "ಯಾರ ಮ್ಯಾಲ ಸಿಟ್ಟು, ಮಾಸ್ತರ?" ಎಂಬ ಮಾತು ಬಂತು.

ಅದು ನಾನಿದ್ದ ಮನೆಯ ಯಜಮಾನಿ. ಊರಿಗೆಲ್ಲ ದೊಡ್ಡವ್ವ, ಹಾಗಾಗಿ ನನಗೂ ದೊಡ್ಡವ್ವ. ಗಂಡ ತೀರಿ ಎಂಟು ವರ್ಷವಾಗಿತ್ತು. ಆಕೆಯ ಆಸ್ತಿಯೆಂದರೆ ಇಪ್ಪತ್ತು ಕುರಿ, ಒಬ್ಬಳು ಮಗಳು, ಒಂದು ನಾಲಿಗೆ. ಮುಂದಿನ ಕೋಣೆಯನ್ನು ನನಗೆ ಕೊಟ್ಟು ಎರಡು ಹೊತ್ತು ರೊಟ್ಟಿ ಹಾಕುತ್ತಿದ್ದಳು. ನಾನು ನನ್ನ ಮೂರು ದಿನದ ಗೋಳನ್ನೆಲ್ಲ ಹೇಳಿಕೊಂಡೆ. ಆಕೆ ಉಣ್ಣೆ ಬಿಡಿಸುತ್ತ ಎಲ್ಲ ಕೇಳಿ, ಕೊನೆಗೆ ಹೇಳಿದಳು.

"ನೀವು ಬೇಡಿದ್ದೇ ತಪ್ಪು. ಭಿಕ್ಷಾ ಅಂತ ಕೇಳಿದ್ರ ಮಂದಿ ಒಂದು ಹಿಡಿ ಹಾಕ್ತಾರ, ಮರೀತಾರ. ಮುಯ್ಯಿ ಅಂತ ಕೇಳ್ರಿ."

ಮುಯ್ಯಿ ಎಂದರೆ ನಮ್ಮ ಕಡೆ ಮದುವೆಯಲ್ಲಿ ಅಕ್ಕಿಕಾಳು ಬಿದ್ದ ಮೇಲೆ ಬಂದವರು ಹಾಕುವ ರೂಪಾಯಿ, ಖಣ, ಧೋತರ. ಸುಮ್ಮನೆ ಕೈಗೆ ತುರುಕಿ ಹೋಗುವ ಹಾಗಿಲ್ಲ. ತಳವಾರ ಎದ್ದು ನಿಂತು, ಇಂಥವರು ಇಷ್ಟು ಹಾಕಿದ್ದಾರೆ ಎಂದು ಊರಿಗೆಲ್ಲ ಕೇಳುವಂತೆ ಒದರಬೇಕು. ಹಾಕಿಸಿಕೊಂಡ ಮನೆಯವರು ಅದನ್ನು ನೆನಪಿಟ್ಟು, ಹಾಕಿದವರ ಮನೆಯಲ್ಲಿ ಕಾರ್ಯವಾದಾಗ ತಿರುಗಿ ಹಾಕಬೇಕು, ಒಂದಾಣೆಯಾದರೂ ಹೆಚ್ಚು ಸೇರಿಸಿ. ಹಾಕದವರು ಊರಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ಬಡವರ ಮನೆಯ ಮದುವೆ ನಡೆಯುವುದೇ, ಅವರು ವರ್ಷಗಟ್ಟಲೆ ಬೇರೆಯವರ ಮನೆಯಲ್ಲಿ ಹಾಕಿಟ್ಟ ಮುಯ್ಯಿ ಹಿಂದಿರುಗುವುದರಿಂದ.

"ಅವರ ಊರಾಗ ಮದಿವಿ ಆಗಿಲ್ಲ ದೊಡ್ಡವ್ವ. ಮನಿ ಬಿದ್ದಾವ," ಎಂದೆ.

"ಸತ್ತ ಮನಿಗಿ ಅಕ್ಕಿ ಒಯ್ಯೂದಿಲ್ಲೇನು ನಾವು? ಕಾರ್ಯ ಅಂದ್ರ ಒಳ್ಳೇದಷ್ಟೇ ಏನು?"

ಶನಿವಾರ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಕಂಬಳಿ ಹಾಸಿ, ನಾನು ಹಾಳೆ ಹಿಡಿದು ಕೂತೆ. ತಳವಾರ ಪಕ್ಕದಲ್ಲಿ ನಿಂತ. ಆ ಮನುಷ್ಯನ ಗಂಟಲು ಕೆಂಭಾವಿ ಸಂತೆಗೂ ಕೇಳಿಸುವಂಥದ್ದು. ಮೊದಲಿಗೆ ಗೌಡರು ಬಂದು ಎರಡು ರೂಪಾಯಿ ಇಟ್ಟರು.

"ಗೌಡರು ಹೊಳಿಯಾಚಿ ಊರಿಗಿ ಎರಡು ರೂಪಾಯಿ ಮುಯ್ಯಿ ಹಾಕ್ಯಾರೋ..." ಎಂದು ತಳವಾರ ಒದರಿದ್ದೇ ತಡ, ಅಂಗಡಿಯಿಂದ ಸಾವುಕಾರ ಎದ್ದು ಬಂದ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದಿಲ್ಲ ಎಂದವನು ಎರಡೂವರೆ ಹಾಕಿದ. ಗೌಡರು ಹೋಗುತ್ತಿದ್ದವರು ತಿರುಗಿ ಬಂದು ಮೂರು ಮಾಡಿದರು. ಸಾವುಕಾರ ಮೂರೂವರೆ. ಗೌಡರ ಮುಖ ಕೆಂಪಾಯಿತು. ಹೀಗೆ ಏರುತ್ತ ಗೌಡರು ಏಳಕ್ಕೆ ಬಂದು ನಿಂತರು, ಸಾವುಕಾರ ಏಳೂಕಾಲಕ್ಕೆ. ಆ ಕಾಲು ರೂಪಾಯಿಯನ್ನು ಅವನು ಎತ್ತಿ ತೋರಿಸಿ ಇಟ್ಟ. ನಂತರ ಇಡೀ ಊರಿಗೆ ಹುಚ್ಚು ಹಿಡಿಯಿತು. ಮಾತು ಬಿಟ್ಟಿದ್ದ ಭಾವ ಭಾವಮೈದುನರಿಬ್ಬರು ಒಬ್ಬರನ್ನೊಬ್ಬರು ನೋಡುತ್ತಲೇ ಎಂಟೆಂಟಾಣೆ ಏರಿಸಿದರು. ಒಬ್ಬ ಮುದುಕ ಒಂದು ರೂಪಾಯಿ ತಂದು ತೀರಿಹೋದ ಹೆಂಡತಿಯ ಹೆಸರಲ್ಲಿ ಬರೆಯಲು ಹೇಳಿದ. "ಆಕಿ ಕೊಡೋದ್ರಾಗ ನನಗಿಂತ ಮುಂದಿದ್ಲು," ಎಂದ. ಬರೆದೆ. ಮೂರು ದಿನದ ಹಿಂದೆ ಈ ಜನರನ್ನು ಕಟುಕರೆಂದಿದ್ದಕ್ಕೆ ನನಗೆ ನಾಚಿಕೆಯಾಯಿತು.

ಕೊನೆಗೆ ದೊಡ್ಡವ್ವ ಬಂದಳು. ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿ ಇಟ್ಟಳು. ಗದ್ದಲ ನಿಂತಿತು. ಉಣ್ಣೆ ಮಾರಿ ಮಗಳ ಮದುವೆಗೆಂದು ಕೂಡಿಸುತ್ತಿದ್ದ ರೊಕ್ಕ ಅದೆಂದು ಎಲ್ಲರಿಗೂ ಗೊತ್ತಿತ್ತು. ತಳವಾರ ರೂಢಿಯಂತೆ ಆಕೆಯ ಮೈದುನನ ಹೆಸರು ಹಿಡಿದು ಒದರಲು ಬಾಯಿ ತೆರೆದ. ವಿಧವೆಯ ಮುಯ್ಯಿಯನ್ನು ಮನೆಯ ಗಂಡಸರ ಹೆಸರಲ್ಲಿಯೇ ಒದರುತ್ತಿದ್ದರು.

"ಅವನದೇನೈತಿ ಇದರಾಗ? ಕುರಿ ಕಾದಾಕಿ ನಾನು. ನನ್ನ ಹೆಸರು ಒದರು," ಎಂದಳು ದೊಡ್ಡವ್ವ.

ತಳವಾರ ಗೌಡರ ಮುಖ ನೋಡಿದ. ಗೌಡರು ಆಕಾಶ ನೋಡಿದರು. ಒದರಿದ. ಸಾವುಕಾರ ನಗುತ್ತ, "ದೊಡ್ಡವ್ವ, ಹೊಳಿಯಾಚಿ ಮಂದಿ ನಿನ್ನ ಮಗಳ ಮದಿವಿಗಿ ಬಂದು ಇದನ್ನ ತಿರುಗಿ ಹಾಕ್ತಾರೇನು?" ಎಂದು ಕೇಳಿದ.

"ಹಾಕ್ತಾರ. ಯಾಕ ಹಾಕೂದಿಲ್ಲ? ಮಾಸ್ತರ ಈ ಪಟ್ಟಿ ಅವರಿಗಿ ಮುಟ್ಟಸ್ತಾರ."

ಊರೆಲ್ಲ ನನ್ನ ಕಡೆ ನೋಡಿತು. ಇಪ್ಪತ್ತೆರಡು ವರ್ಷದವನನ್ನು ಊರಿಗೂರೇ ನೋಡಿದರೆ ಅವನು ಏನು ಬೇಕಾದರೂ ಒಪ್ಪಿಕೊಳ್ಳುತ್ತಾನೆ.

"ಮುಟ್ಟಸ್ತೀನಿ," ಎಂದೆ.

ಪಟ್ಟಿಯನ್ನು ಚೆಂದ ಮಾಡಿ ಬರೆದೆ. ಸಾವುಕಾರನಿಗೆ ತನ್ನ ಹೆಸರು ಮೇಲೆ ಬೇಕಾಗಿತ್ತು, ಗೌಡರಿಗೆ ತಮ್ಮದು. ಮೂರು ಸಲ ಹರಿದು ಬರೆದು, ಕೊನೆಗೆ ಇಬ್ಬರ ಹೆಸರನ್ನೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂರಿಸಿದೆ. ಹೆಸರಿನ ಮುಂದೆ ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಸುರಪುರದ ಕಚೇರಿಗೆ ಹೋಗಿ ರೊಕ್ಕ ಕಟ್ಟಿದೆ. ಕಾರಕೂನ ಬಹಳ ಸಂಭಾವಿತ. ಎಣಿಸಿಕೊಂಡು, ಊರಿನ ಹೆಸರಿಗೆ ಒಂದು ರಸೀದಿ ಹರಿದುಕೊಟ್ಟ. ಪಟ್ಟಿಯನ್ನು ಮುಂದಿಟ್ಟೆ.

"ಇದು ಬ್ಯಾಡ್ರಿ. ರೊಕ್ಕ ಬರಾಬರಿ ಐತಲ್ಲ, ಮುಗೀತು," ಎಂದ.

"ಇದನ್ನು ಆ ಊರಿನವರಿಗೆ ಕೊಡಬೇಕಿತ್ತು."

"ಅವರೇನು ಮಾಡ್ತಾರ್ರಿ ಇದನ್ನ? ಉಪ್ಪಿನಕಾಯಿ ಹಾಕ್ತಾರೇನು?"

ಅವನು ಹೇಳಿದ್ದು ನನಗೂ ಸರಿಯೆನಿಸಿತು. ಸುರಪುರದಿಂದ ತಿಂಥಣಿ, ಅಲ್ಲಿಂದ ಹೊಳೆ ದಾಟಿ ಆ ಊರು, ಅದೂ ತುಂಬಿದ ಹೊಳೆ. ನನಗೆ ಈಜು ಬರುವುದಿಲ್ಲ. ಈಜು ಬರದಿದ್ದಕ್ಕಿಂತ ಹೆಚ್ಚಾಗಿ, ಖಾನಾವಳಿಯಲ್ಲಿ ಪೂರಿ ಕರಿಯುವ ವಾಸನೆ ಬರುತ್ತಿತ್ತು. ಪಟ್ಟಿಯನ್ನು ಮಡಚಿ ಕಿಸೆಯಲ್ಲಿಟ್ಟು ಪೂರಿ ತಿಂದು ಊರಿಗೆ ಬಂದೆ.

"ಪಟ್ಟಿ ಮುಟ್ಟಿತೇನ್ರಿ?" ಎಂದು ಗೌಡರು ಕೇಳಿದರು.

"ಮುಟ್ಟಿತು," ಎಂದೆ. ಪಟ್ಟಿ ನನ್ನ ಟ್ರಂಕಿನಲ್ಲಿ ಅಂಗಿಗಳ ಕೆಳಗೆ ಹೋಗಿ ಮಲಗಿತು.

ಒಂದು ಸುಳ್ಳು ಹೇಳಿ ಸುಮ್ಮನಿರಬಹುದೆಂದು ತಿಳಿದವನು ಹಳ್ಳಿಯಲ್ಲಿ ಮಾಸ್ತರನಾಗಿರಬಾರದು. ನೀರಿಗೆ ಬಂದವರು, ಕ್ಷೌರಕ್ಕೆ ಕೂತವರು, ಎಲ್ಲರದೂ ಒಂದೇ ಮಾತು: ಹೊಳಿಯಾಚಿಯವರು ಏನಂದ್ರು? ಪಟ್ಟಿ ಓದಿದರಂತೆ ಎಂದೆ. ಯಾರು ಓದಿದರು? ಒಬ್ಬ ಮುದುಕರು ಎಂದೆ. ಹೆಂಗದಾರ? ದೊಡ್ಡ ಬಿಳಿ ಮೀಸೆ ಎಂದೆ. ಹಾಗೆ ಒಬ್ಬ ಮನುಷ್ಯ ಹುಟ್ಟಿಕೊಂಡ. ಮೀಸೆಯ ಮುದುಕರು ಗೌಡರ ಹೆಸರು ಕೇಳಿ ಕೈ ಮುಗಿದರು. ಸಾವುಕಾರನ ಏಳೂಕಾಲು ಕೇಳಿ, 'ಎಂಥ ಧಾರಾಳಿ' ಎಂದರು. ಸಾವುಕಾರ ಆ ಮಾತನ್ನು ನನ್ನಿಂದ ನಾಲ್ಕು ಸಲ ಹೇಳಿಸಿ, ನಾಲ್ಕನೆಯ ಸಲ ಒಂದು ಬೆಲ್ಲದ ಉಂಡೆ ಕೊಟ್ಟ. ದೊಡ್ಡವ್ವ ಮಾತ್ರ ಏನೂ ಕೇಳುತ್ತಿರಲಿಲ್ಲ. ಆಕೆಗೆ ನನ್ನ ಮೇಲೆ ಅಷ್ಟು ನಂಬಿಕೆ ಎಂದು ತಿಳಿದು, ಆಕೆ ಹಾಕಿದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ ಮೂರು ತಿನ್ನುತ್ತಿದ್ದೆ.

ವರ್ಷ ತಿರುಗಿತು. ದೊಡ್ಡವ್ವನ ಮಗಳಿಗೆ ಹುಣಸಗಿಯ ಕಡೆಯ ಗಂಡು ಗೊತ್ತಾಯಿತು. ಒಂದು ದಿನ ಕಟ್ಟೆಯ ಮೇಲೆ ಹತ್ತು ಜನ ಕೂತಿದ್ದಾಗ ಆಕೆ ಬಂದು ನಿಂತು ಹೇಳಿದಳು:

"ಮದಿವಿಗಿ ಎಲ್ಲಾರೂ ಬರಬೇಕ್ರಿ. ಮತ್ತ ಒಂದು ಮಾತು. ಹೊಳಿಯಾಚಿ ಮಂದಿ ಬಂದು ಮೊದಲ ಮುಯ್ಯಿ ಹಾಕಬೇಕು. ಅವರು ಹಾಕಿದ ಮ್ಯಾಲೇ ಊರವರದು."

"ಅವರು ಬರದಿದ್ರ?" ಎಂದ ಸಾವುಕಾರ.

"ಬರದಿದ್ರ ನನ್ನ ಮಗಳಿಗಿ ಯಾರ ಮುಯ್ಯೀನೂ ಬ್ಯಾಡ."

ಕಟ್ಟೆಯ ಮೇಲೆ ಕೂತವರು ಎದ್ದು ನಿಂತರು. ಊರಿನ ಮನೆಮನೆಯಲ್ಲಿ ಆಕೆ ಹದಿನೈದು ಇಪ್ಪತ್ತು ವರ್ಷದಿಂದ ಹಾಕಿಟ್ಟ ಮುಯ್ಯಿ ಅದು. ಬೀಗರ ಊಟ, ಚಪ್ಪರ, ಮಗಳ ಕಾಲುಂಗುರ, ಎಲ್ಲದಕ್ಕೂ ಅದನ್ನೇ ನೆಚ್ಚಿ ಸಾಲ ತಂದಿದ್ದಳು. ಅದು ಬರದಿದ್ದರೆ ಕುರಿ ಪೂರ್ತಿ ಮಾರಬೇಕು. ಗೌಡರು ಬುದ್ಧಿ ಹೇಳಿದರು. ಆಕೆ ಕೇಳಲಿಲ್ಲ.

"ನನ್ನ ಐದು ರೂಪಾಯಿಗಿ ವರ್ಷಪೂರ್ತಿ ನಕ್ಕೀರಿ. ಈಗ ನೋಡ್ರಿ," ಎಂದಳು. ನಂತರ ನನ್ನ ಕಡೆ ತಿರುಗಿ, "ಮಾಸ್ತರ, ಆ ಮೀಸಿ ಅಜ್ಜಗ ಒಂದು ಕಾಗದ ಬರದು ಹಾಕ್ರಿ," ಎಂದಳು.

ಎರಡು ದಿನ ಜ್ವರ ಬಂದಂತೆ ಮಲಗಿ ನೋಡಿದೆ. ಜ್ವರವೂ ಬರಲಿಲ್ಲ. ಯಾದಗಿರಿಗೆ ವರ್ಗ ಕೇಳಿ ಅರ್ಜಿ ಬರೆದೆ, ಹರಿದೆ. ಬಾಗಿಲಾಚೆ ಮಗಳು ಅವ್ವನ ಜೊತೆ ಹಪ್ಪಳ ಒಣಗಿಸುತ್ತ ನಗುತ್ತಿದ್ದಳು. ಆ ನಗು ಕೇಳಿ ನಾನು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡೆ. ಮದುವೆಗೆ ಎಂಟು ದಿನ ಉಳಿದಾಗ, ಟ್ರಂಕಿನಿಂದ ಪಟ್ಟಿ ತೆಗೆದುಕೊಂಡು, ಯಾದಗಿರಿಗೆ ಹೋಗಿಬರುತ್ತೇನೆಂದು ಇನ್ನೂ ಒಂದು ಸುಳ್ಳು ಹೇಳಿ ತಿಂಥಣಿಯ ದಾರಿ ಹಿಡಿದೆ.

ತಿಂಥಣಿಯಲ್ಲಿ ಮೌನೇಶ್ವರನಿಗೆ ಕೈ ಮುಗಿದು ಹರಿಗೋಲು ಹತ್ತಿದೆ. ತೊಗಲಿನ ಆ ಬುಟ್ಟಿ ನಡುಹೊಳೆಯಲ್ಲಿ ಗಿರಗಿರ ತಿರುಗಿತು. ನಾನು ಅಂಬಿಗನ ಕಾಲು ಹಿಡಿದುಕೊಂಡೆ.

"ಕಾಲು ಬಿಡ್ರಿ ಸರ್. ಹುಟ್ಟು ಹಾಕಾಕ ಆಗವಲ್ದು," ಎಂದ.

"ಇದು ಮುಳುಗತೈತೇನು?"

"ನೀವು ಕಾಲು ಹಿಡದ್ರ ಮುಳುಗತೈತ್ರಿ."

ಆ ಊರಿನಲ್ಲಿ ಇನ್ನೂ ಅರ್ಧ ಮನೆಗಳಿಗೆ ಗೋಡೆ ಸೊಂಟದ ತನಕವೇ ಎದ್ದಿತ್ತು. ತಗಡಿನ ಕೆಳಗೆ ಜನ ಒಲೆ ಹೂಡಿದ್ದರು. ಹಿರಿಯರು ಯಾರೆಂದು ಕೇಳಿದೆ. ಹಗ್ಗ ಹೊಸೆಯುತ್ತ ಕೂತಿದ್ದ ಒಬ್ಬ ಒಣಕಲು ಮುದುಕರನ್ನು ತೋರಿಸಿದರು. ಮೀಸೆ ಇರಲಿಲ್ಲ, ತಲೆಯ ಮೇಲೆ ಕೂದಲೂ ಇರಲಿಲ್ಲ. ಅವರನ್ನೂ, ಆ ಮೊಂಡುಗೋಡೆಗಳನ್ನೂ ನೋಡಿ ನಾನು ಬಂದ ಕೆಲಸದ ಬಗ್ಗೆ ನನಗೇ ಅಸಹ್ಯವಾಯಿತು. ಎಲ್ಲ ಕಳೆದುಕೊಂಡವರ ಹತ್ತಿರ, ನಾವು ಕೊಟ್ಟದ್ದನ್ನು ತಿರುಗಿ ಹಾಕಿ ಎಂದು ಕೇಳಲು ಬಂದಿದ್ದೆ. ತಿರುಗಿ ಹೋಗಿಬಿಡೋಣವೆನಿಸಿತು. ಆದರೆ ಅಷ್ಟರಲ್ಲಿ ಒಂದು ಇಪ್ಪತ್ತು ಜನ ಸುತ್ತ ಕೂತಿದ್ದರು, ಅಂಬಿಗನೂ ಊಟಕ್ಕೆ ಹೋಗಿದ್ದ. ಪಟ್ಟಿ ಬಿಚ್ಚಿ ಮೊದಲ ಹೆಸರಿನಿಂದ ಕೊನೆಯ ಹೆಸರಿನ ತನಕ ಓದಿದೆ. ದೊಡ್ಡವ್ವನ ಮಾತನ್ನೂ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ.

"ಈ ಪಟ್ಟಿ ಯಾವಾಗಿಂದ್ರಿ?" ಎಂದರು ಮುದುಕರು.

"ಹೋದ ವರ್ಷದ್ದು."

"ಒಂದು ವರ್ಷ ಎಲ್ಲಿತ್ತು?"

"ನನ್ನ ಟ್ರಂಕಿನ್ಯಾಗ."

ಮುದುಕರು ಹಗ್ಗ ಕೆಳಗಿಟ್ಟರು. "ನೀವು ಮಾಸ್ತರ ಏನ್ರಿ? ಒಂದು ವರ್ಷ ನಮ್ಮನ್ನ ಮುಯ್ಯಿ ತಿಂದು ಸುಮ್ಮನ ಕುಂತ ಮಂದಿ ಮಾಡೀರಲ್ಲ. ಜೋಳ ಬಂತು, ಬೊಂಬು ಬಂತು, ತಗಡು ಬಂತು. ಸರ್ಕಾರ ಕೊಡ್ತು ಅಂದ್ರು, ತಗೊಂಡಿವಿ. ಸರ್ಕಾರಕ್ಕ ಮದಿವಿಲ್ಲ, ಮುಂಜಿವಿಲ್ಲ, ತಿರುಗಿ ಹಾಕೋದೆಲ್ಲಿ ಅಂತ ಸುಮ್ಮನಾಗೀವಿ. ಹಿಂದ ಇಷ್ಟು ಮಂದಿ ಅದಾರ ಅಂತ ನಮಗೇನು ಮಾಲೂಮು?"

ಅವರ ಹಿಂದಿನಿಂದ ಒಬ್ಬ ಮುದುಕಿ, "ಈ ಹೆಣಮಗಳು ಕುರಿ ಕಾಯಾಕಿ ಐದು ರೂಪಾಯಿ ಹಾಕ್ಯಾಳ? ನಾವು ಆಕಿ ಹೆಸರು ಸೈತ ಕೇಳಿಲ್ಲಲ್ಲೋ ಯಪ್ಪಾ," ಎಂದು ಹಣೆ ಬಡಿದುಕೊಂಡಳು. ಎಲ್ಲರೂ ಒಮ್ಮೆಗೇ ನನಗೆ ಬೈಯತೊಡಗಿದರು. ಅಷ್ಟು ಬೈಗುಳವನ್ನು ನಾನು ನನ್ನ ಅಜ್ಜನಿಂದಲೂ ತಿಂದಿರಲಿಲ್ಲ. ವಿಚಿತ್ರವೆಂದರೆ, ಬೈಸಿಕೊಳ್ಳುತ್ತ ನನ್ನ ಎದೆ ಹಗುರವಾಗುತ್ತಿತ್ತು.

ಬೈದು ಮುಗಿದ ಮೇಲೆ ಮುದುಕರು ಕೇಳಿದರು: "ಇದರಾಗ ನಿಮ್ಮ ಹೆಸರು ಎಲ್ಲೈತಿ?"

ನಾನು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದೆ. ಯಾಕೆ ನೋಡಿದೆನೋ, ಅಲ್ಲಿರಲಿಲ್ಲ ಎಂದು ನನಗೆ ಗೊತ್ತಿತ್ತು. ಮಾನವೀಯತೆಯ ಮೇಲೆ ಮೂರು ದಿನ ಭಾಷಣ ಮಾಡಿದವನು ಒಂದು ದುಡ್ಡೂ ಹಾಕಿರಲಿಲ್ಲ. ಎತ್ತುವವನೂ ಹಾಕಬೇಕೆಂಬುದು ನನ್ನ ತಲೆಗೇ ಹೊಳೆದಿರಲಿಲ್ಲ.

"ಹೋಗ್ಲಿ ಬಿಡ್ರಿ," ಎಂದಳು ಮುದುಕಿ. "ಲಗ್ನ ಆಗಿಲ್ಲ ಕಾಣತೈತಿ. ಇವಂಗ ತಿರುಗಿ ಹಾಕೋದರ ಎಲ್ಲಿ?"

ಊಟ ಹಾಕಿ ಕಳಿಸಿದರು. ಪಟ್ಟಿಯನ್ನು ಇಸಿದುಕೊಂಡರು. ಮದುವೆಗೆ ಬರುತ್ತೀರಾ ಎಂದು ಕೇಳಿದರೆ, "ಬರೋದು ಬಿಡೋದು ನಾವು ನೋಡತೀವಿ. ನೀವು ಹೋಗ್ರಿ," ಎಂದರು.

ಮದುವೆಯ ದಿನ ಅಕ್ಕಿಕಾಳು ಬಿತ್ತು. ತಳವಾರ ಗಂಟಲು ಸರಿಮಾಡಿಕೊಂಡು ನಿಂತ. ದೊಡ್ಡವ್ವ ಚಪ್ಪರದ ಕಂಬಕ್ಕೆ ಆತುಕೊಂಡು ಕೂತು, "ತಡೀರಿ," ಎಂದಳು. ತಡೆದರು. ಬಿಸಿಲು ಏರಿತು. ಹುಗ್ಗಿಯ ಮೇಲೆ ಕೆನೆ ಕಟ್ಟಿತು. ಬೀಗರ ಕಡೆಯ ಒಬ್ಬ ಹಿರಿಯ, "ಇದೆಂಥ ಪದ್ಧತಿರಿ ನಿಮ್ಮೂರಾಗ?" ಎಂದು ಗೊಣಗಿದ. ಸಾವುಕಾರ ಹತ್ತು ಸಲ ಸೂರ್ಯನನ್ನು ನೋಡಿ, ಹನ್ನೊಂದನೆಯ ಸಲ ನನ್ನನ್ನು ನೋಡಿದ. ನಾನು ನೀರಿನ ಹಂಡೆಯ ಹಿಂದೆ ನಿಂತು, ಇಲ್ಲಿಂದ ಕೆಂಭಾವಿಗೆ ಓಡಿದರೆ ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಮದುಮಗಳು ತಲೆ ತಗ್ಗಿಸಿ ಕೂತಿದ್ದಳು. ಆಕೆಯ ಕಣ್ಣಿಂದ ಒಂದು ಹನಿ ಅರಿಷಿಣದ ಕೈ ಮೇಲೆ ಬಿದ್ದದ್ದನ್ನು ನೋಡಿದೆ. ಎಲ್ಲವನ್ನೂ ಎದ್ದು ನಿಂತು ಹೇಳಿಬಿಡಬೇಕೆಂದು ಹಂಡೆಯ ಹಿಂದಿನಿಂದ ಈಚೆ ಬಂದೆ.

ಆಗ ಅಗಸೆಬಾಗಿಲಲ್ಲಿ ನಾಯಿ ಬೊಗಳಿದವು. ಹದಿನಾಲ್ಕು ಜನ ಬರುತ್ತಿದ್ದರು. ಮೊಣಕಾಲ ತನಕ ಧೂಳು. ಮುಂದೆ ಬೋಳುತಲೆಯ ಮುದುಕರು, ಅವರ ಕೈಯಲ್ಲಿ ನನ್ನ ಪಟ್ಟಿ. ಹೆಂಗಸರ ತಲೆಯ ಮೇಲೆ ಬುಟ್ಟಿಗಳು. ಚಪ್ಪರದೊಳಗೆ ಬಂದು, ಯಾರನ್ನೂ ಕೇಳದೆ ನೇರವಾಗಿ ದೊಡ್ಡವ್ವನ ಮುಂದೆ ನಿಂತರು.

"ಐದು ರೂಪಾಯಿ ಹಾಕಿದಾಕಿ ನೀನೇನವ್ವ?"

"ಹೌದ್ರಿ."

"ತಡ ಆತವ್ವ. ಹೊಳಿ ದೊಡ್ಡದಿತ್ತು," ಎಂದರು ಮುದುಕರು. ನನ್ನ ಕಡೆ ನೋಡಲೂ ಇಲ್ಲ.

ಐದು ರೂಪಾಯಿ ಎಣಿಸಿ ಇಟ್ಟರು. ದೊಡ್ಡವ್ವ ಕೊಟ್ಟದ್ದು ನಿಜಾಮರ ಹಾಲಿ ರೂಪಾಯಿ. ಇವರು ಇಟ್ಟದ್ದು ಅದಕ್ಕಿಂತ ಹೆಚ್ಚು ಬೆಲೆಯ ಕಲದಾರ್, ಭಾರತ ಸರ್ಕಾರದ ರೂಪಾಯಿ. ಹಾಗಾಗಿ ತಾನಾಗಿಯೇ ಹೆಚ್ಚಾಯಿತು. ಅದರ ಮೇಲೆ ಒಂದು ಖಣ, ಒಂದು ಬುಟ್ಟಿ ಹೊಸ ಜೋಳ. ತಳವಾರ ಒದರಿದ. ಹೊಳೆಯಾಚೆಯ ಊರು ದೊಡ್ಡವ್ವನಿಗೆ, ಆಕೆಯ ಸ್ವಂತ ಹೆಸರಿಗೆ, ಮುಯ್ಯಿ ಹಾಕಿತೆಂದು ಒದರಿದ. ದೊಡ್ಡವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಕಣ್ಣಲ್ಲಿ ನೀರು ಬಂತು. ಬಂತು ಎಂದರೆ ಬಂತು, ಹೊಗೆಯ ಮೇಲೆ ಹಾಕುವುದಿಲ್ಲ.

ಮುದುಕರು ಪಟ್ಟಿ ಎತ್ತಿ ಹಿಡಿದು ಹೇಳಿದರು: "ಇದರಾಗಿನ ಮಂದಿ ಎಲ್ಲಾರೂ ಕೇಳ್ರಿ. ನಿಮ್ಮ ನಿಮ್ಮ ಮನಿ ಕಾರ್ಯಕ್ಕ ಹೇಳಿ ಕಳಸ್ರಿ. ಬರ್ತೀವಿ."

ಸಾವುಕಾರ ಅವರ ಮುಖವನ್ನೇ ಬಹಳ ಹೊತ್ತಿನಿಂದ ನೋಡುತ್ತಿದ್ದವನು, "ಅಜ್ಜಾ, ನಿಮ್ಮ 'ಬಿಳಿ ಮೀಸಿ' ಎಲ್ಲಿ ಹೋತ್ರಿ?" ಎಂದು ಕೇಳಿದ.

ಮುದುಕರು ನಿಧಾನವಾಗಿ ನನ್ನ ಕಡೆ ತಿರುಗಿದರು. ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಆಮೇಲೆ ತುಟಿಯ ಮೇಲೆ ಕೈಯಾಡಿಸಿಕೊಂಡು, "ಹೊಳಿ ಒಯ್ತಪ," ಎಂದರು.

ಆಮೇಲೆ ಬಿತ್ತು ನೋಡಿ ಊರಿನ ಮುಯ್ಯಿ. ಸಾವುಕಾರ ಹತ್ತು ಹಾಕಿದ. ಗೌಡರು ಹತ್ತೂಕಾಲು ಹಾಕಿ, ಆ ಕಾಲನ್ನು ಎತ್ತಿ ತೋರಿಸಿದರು. ನಾನೂ ತಿಂಗಳ ಪಗಾರದಲ್ಲಿ ಉಳಿದಿದ್ದ ಮೂರು ರೂಪಾಯಿ ಇಟ್ಟೆ. ತಳವಾರ ನನ್ನ ಹೆಸರು ಒದರುವಾಗ ಹೊಳೆಯಾಚೆಯ ಮುದುಕಿ, "ಅಂತೂ ಬಿಚ್ಚಿದ," ಎಂದಳು.

ಮರುದಿನ ಬೆಳಿಗ್ಗೆ ಮಗಳನ್ನು ಕಳಿಸಿಕೊಟ್ಟು ದೊಡ್ಡವ್ವ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ಒಂದು ಕುರಿಯೂ ಮಾರಿರಲಿಲ್ಲ. ನಾನು ಹೋಗಿ ಎದುರಿಗೆ ನಿಂತೆ.

"ದೊಡ್ಡವ್ವ, ನಾ ಪಟ್ಟಿ ಮುಟ್ಟಿಸಿದ್ದಿಲ್ಲ. ಹೋದ ವಾರ ಒಯ್ದು ಕೊಟ್ಟೀನಿ. ವರ್ಷಪೂರ್ತಿ ಅದು ಟ್ರಂಕಿನ್ಯಾಗಿತ್ತು."

"ಗೊತ್ತೈತಿ," ಎಂದಳು, ಸೊಪ್ಪು ಹಾಕುತ್ತಲೇ. "ಶ್ರಾವಣದಾಗ ನೀವು ಊರಿಗಿ ಹೋದಾಗ ನಿಮ್ಮ ಟ್ರಂಕಿನ ಮ್ಯಾಲ ಮಾಳಿಗಿ ಸೋರಿತು. ಅಂಗಿ ತಗದು ಬಿಸಿಲಿಗಿ ಹಾಕೀನಿ. ಕೆಳಗ ಹಾಳಿ ಇತ್ತು. ನನಗ ಓದಾಕ ಬರೂದಿಲ್ಲ, ಖರೆ. ಆದ್ರ ನನ್ನ ಹೆಬ್ಬಟ್ಟಿಗಿ ಕುಡಗೋಲು ಬಡದ ಗೀರು ಐತಿ. ಅದನ್ನ ಗುರುತು ಹಿಡೀತೀನಿ."

"ಗೊತ್ತಿದ್ದೂ ಕಟ್ಟಿ ಮ್ಯಾಲ ಎಲ್ಲಾರ ಮುಂದ ಹಂಗ ಯಾಕ ಅಂದಿ? ನಾ ಹೋಗದಿದ್ರ? ಮಗಳ ಮುಯ್ಯಿ ಎಲ್ಲಾ ಹೋಗತಿತ್ತಲ್ಲ?"

"ಹೋಗತಿತ್ತು."

"ಮತ್ತ ನನ್ನ ಒಬ್ಬನ್ನ ಕರದು ಕೇಳಬೇಕಿಲ್ಲೇನು?"

ದೊಡ್ಡವ್ವ ಸೊಪ್ಪಿನ ಹೊರೆ ಕೆಳಗಿಟ್ಟು, ಮೊದಲ ಸಲ ನನ್ನ ಮುಖ ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ.

"ಕೇಳಿದ್ರ ಇನ್ನೊಂದು ಸುಳ್ಳು ಹೇಳತಿದ್ರಿ, ಮಾಸ್ತರ," ಎಂದಳು.

ಹೇಳುತ್ತಿದ್ದೆ.